ಎರಡು ಪಂಕ್ತಿಯ ಚಿನ್ನದ ಚೆಂಡು

1993ರ ಮೇ 26. ಮ್ಯೂನಿಕ್ ಮೈದಾನದ ಮೂಲೆಯಿಂದ ಘಾನಾದ ಅಬೇದಿ ಪೆಲೆ ಒದ್ದ ಚೆಂಡಿಗೆ ಬಸಿಲ್ ಬೋಲಿ ತಲೆ ಕೊಟ್ಟ. ಅದೊಂದೇ ಗೋಲು. ಇಟಲಿಯ ಮಿಲಾನ್ ಸೋತು, ಫ್ರಾನ್ಸಿನ ಮಾರ್ಸೇ ತಂಡ ಯುರೋಪಿನ ಚಾಂಪಿಯನ್ ಆಯ್ತು. ಆ ವರ್ಷದ ಚಿನ್ನದ ಚೆಂಡು ಮಾತ್ರ ಅಬೇದಿಗೆ ಸಿಗಲಿಲ್ಲ. ಸಿಗೋ ಹಾಗೇ ಇರಲಿಲ್ಲ. 'ಫ್ರಾನ್ಸ್ ಫುಟ್‌ಬಾಲ್' ಪತ್ರಿಕೆ 1956ರಿಂದ ಕೊಡುತ್ತಿದ್ದ ಆ ಪ್ರಶಸ್ತಿ ಯುರೋಪಿನ ಪ್ರಜೆಗಳಿಗೆ ಮಾತ್ರ ಮೀಸಲು. ಬೆವರು ಯುರೋಪಿನ ಮೈದಾನದಲ್ಲೇ ಸುರಿದರೂ, ನೀನು ಯಾವ ದೇಶದವನು ಅಂತ ಕೇಳೋರು!

ಅದೇ ಪತ್ರಿಕೆ 1970ರಿಂದ ಆಫ್ರಿಕಾದವರಿಗೆ ಬೇರೆ ಪ್ರಶಸ್ತಿ ಇಟ್ಟಿತ್ತು. 1971ರಲ್ಲಿ ಘಾನಾದ ಇಬ್ರಾಹಿಂ ಸಂಡೇ ಅದನ್ನು ಪಡೆದ. ಅಬೇದಿ 1991, 1992, 1993, ಸತತ ಮೂರು ಸಲ. ಅದು ಸಣ್ಣ ಮರ್ಯಾದೆ ಅಂತ ನಾನು ಹೇಳ್ತಿಲ್ಲ, ಗೆಳೆಯರೆ. ಪಂಕ್ತಿ ಯಾಕೆ ಬೇರೆ ಅಂತ ಕೇಳ್ತಿದೀನಿ.

ಘಾನಾ ಈ ಪ್ರಶ್ನೆಯನ್ನ ಹಿಂದೆಯೇ ಕೇಳಿತ್ತು. 1957ರಲ್ಲಿ ಸ್ವತಂತ್ರವಾದ ದೇಶ. 1963, 1965ರಲ್ಲಿ ಆಫ್ರಿಕಾ ಕಪ್ ಗೆದ್ದ ತಂಡ. 1966ರ ವಿಶ್ವಕಪ್ಪಿನಲ್ಲಿ ಇಡೀ ಆಫ್ರಿಕಾಕ್ಕೆ ಒಂದು ಖಾತ್ರಿ ಜಾಗವೂ ಇಲ್ಲ ಅಂದಾಗ ಎನ್‌ಕ್ರುಮಾನ ಘಾನಾ ಬಹಿಷ್ಕಾರಕ್ಕೆ ಮುಂದೆ ನಿಂತಿತು. 1970ರ ಕಪ್ಪಿಗೆ ಆ ಜಾಗ ಬಂತು. ಚಿನ್ನದ ಚೆಂಡಿನ ನಿಯಮ ಬದಲಾಗೋಕೆ 1995 ಬೇಕಾಯ್ತು. ಆ ವರ್ಷವೇ ಲೈಬೀರಿಯಾದ ಜಾರ್ಜ್ ವೇಯಾ ಅದನ್ನು ಗೆದ್ದ. ಅಬೇದಿಗೆ ಆಗ 31.