ಬೀದರದಲ್ಲಿ ನೆಲೆನಿಂತವರು: ಬಹಮನೀ ರಾಜಧಾನಿಯ ಪರಸ್ಥಳಿಗರೂ ಜಾತ್ರೆಯ ಕಾಲವೂ

ಬಹಮನೀ ಸುಲ್ತಾನರು ತಮ್ಮ ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ಸಾಗಿಸಿದ ಸಂಗತಿಯು ದಖ್ಖನಿನ ಇತಿಹಾಸಗ್ರಂಥಗಳಲ್ಲೆಲ್ಲ ಉಕ್ತವಾಗಿದೆ. ಅದು ಯಾವ ವರ್ಷ ನಡೆಯಿತು, ಅದಕ್ಕೆ ಕಾರಣಗಳೇನು ಎಂಬ ವಿಷಯದಲ್ಲಿ ವಿದ್ವಾಂಸರು ಸಾಕಷ್ಟು ಚರ್ಚಿಸಿದ್ದಾರೆ. ಆದರೆ ಹೊಸ ಊರಿಗೆ ಬಂದ ಜನರು ಅಲ್ಲಿ ಒಕ್ಕಲಾದ ಬಗೆ ಹೇಗೆ ಎಂಬ ಪ್ರಶ್ನೆಗೆ ದೊರೆತ ಗಮನ ಅಲ್ಪ. ಕೋಟೆ ಕಟ್ಟುವುದು ಬೇರೆ, ಊರಿನವನೆನಿಸಿಕೊಳ್ಳುವುದು ಬೇರೆ. ಮೊದಲನೆಯದು ದ್ರವ್ಯದಿಂದ ಸಾಧ್ಯ; ಎರಡನೆಯದಕ್ಕೆ ನೆರೆಹೊರೆಯ ಸಮ್ಮತಿ ಬೇಕು. ಬೀದರದ ದರ್ಬಾರು ಪರಸ್ಥಳಿಗರಿಗೆ ಪದವಿಯನ್ನೂ ಸಂಪತ್ತನ್ನೂ ಕೊಟ್ಟಿತಾದರೂ ಆ ಸಮ್ಮತಿಯನ್ನು ದೊರಕಿಸಿಕೊಡಲಾರದೆ ಹೋಯಿತು. ಅದು ದೊರೆತದ್ದು ಮಳೆಗಾಲ ಮುಗಿದು ದಾರಿಗಳು ತೆರೆದ ಮೇಲೆ ಬರುವ ಜಾತ್ರೆ-ಉರುಸುಗಳ ಕಾಲದಲ್ಲಿ. ಈ ಅಭಿಪ್ರಾಯಕ್ಕಿರುವ ಆಧಾರಗಳನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಅಹಮದ್ ಷಾ ವಲಿಯು 1422ರಲ್ಲಿ ಪಟ್ಟಕ್ಕೆ ಬಂದನು. ಕೆಲವೇ ವರ್ಷಗಳಲ್ಲಿ ಅವನು ಬೀದರವನ್ನು ರಾಜಧಾನಿಯಾಗಿ ಆರಿಸಿ, ಅದಕ್ಕೆ ಮುಹಮ್ಮದಾಬಾದ್ ಎಂಬ ಹೆಸರಿಟ್ಟನು. ಹೊಸ ಕೋಟೆಯ ಕೆಲಸವು 1432ರ ಹೊತ್ತಿಗೆ ಪೂರ್ಣಗೊಂಡಿತು. ಬೇಟೆನಾಯಿಗಳನ್ನು ಒಂದು ನರಿಯು ತಿರುಗಿ ಎದುರಿಸಿದುದನ್ನು ಕಂಡು ಸುಲ್ತಾನನು ಈ ನೆಲವನ್ನು ಮೆಚ್ಚಿದನೆಂಬ ಕಥೆಯನ್ನು ಫರಿಷ್ತಾ ಹೇಳಿದ್ದಾನೆ. ಇಂಥ ಕಥೆಗಳು ಅನೇಕ ರಾಜಧಾನಿಗಳ ವಿಷಯದಲ್ಲಿ ಪ್ರಚಲಿತವಾಗಿರುವುದರಿಂದ ಅದಕ್ಕೆ ಹೆಚ್ಚಿನ ಬೆಲೆ ಕೊಡಬೇಕಾಗಿಲ್ಲ. ಬೀದರವು ಎತ್ತರವಾದ ಕೆಂಪು ಜಂಬಿಟ್ಟಿಗೆಯ ದಿಬ್ಬದ ಅಂಚಿನಲ್ಲಿದೆ. ಅಲ್ಲಿನ ಹವೆ ಹಿತಕರವಾದುದು. ಕನ್ನಡ, ಮರಾಠಿ, ತೆಲುಗು ನಾಡುಗಳು ಮೂರೂ ಅಲ್ಲಿಗೆ ಸಮೀಪ. ವಾಸ್ತವವಾದ ಕಾರಣಗಳು ಇವೇ ಎನ್ನಬಹುದು.

ಹೊಸಬರಿಗೆ ಮೊದಲು ಬೇಕಾದುದು ನೀರು. ಜಂಬಿಟ್ಟಿಗೆಯ ದಿಬ್ಬದೊಳಗೆ ಹರಿಯುವ ಒರತೆಯನ್ನು ನೆಲದಡಿಯ ಕಾಲುವೆಯಿಂದ ಹಿಡಿದು ತರುವ ವ್ಯವಸ್ಥೆಯು ಬೀದರದ ನೌಬಾದಿನಲ್ಲಿದೆ. ಪರ್ಷಿಯಾದಲ್ಲಿ ಬಳಕೆಯಲ್ಲಿದ್ದ ಈ ವಿದ್ಯೆಗೆ ಕರೇಜ್ ಎಂದು ಹೆಸರು. ನಮ್ಮ ಜನರು ಅದನ್ನು ಸುರಂಗಬಾವಿ ಎಂದು ಕರೆದರು. ವಿದ್ಯೆ ಹೊರಗಿನದು, ನೆಲ ಇಲ್ಲಿಯದು, ಹೆಸರು ಕನ್ನಡದ್ದು. ಜನರು ಒಂದಾಗುವುದಕ್ಕೆ ಮೊದಲೇ ಕೆಲಸಗಳು ಒಂದಾಗುತ್ತವೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ದರ್ಬಾರಿನಲ್ಲಿ ಮಾತ್ರ ಇಂಥ ಹೊಂದಿಕೆ ಕಾಣಬರುವುದಿಲ್ಲ. ಕಿರ್ಮಾನಿನ ಸೂಫಿ ಸಂತ ಷಾ ನಿಯಾಮತುಲ್ಲನ ಬಳಿಗೆ ಅಹಮದ್ ಷಾ ನಿಯೋಗಗಳನ್ನು ಕಳುಹಿಸಿದನು. ಸಂತನು ತನ್ನ ಮೊಮ್ಮಗನಾದ ನೂರುಲ್ಲನನ್ನು ಕಳುಹಿಸಲು, ಸುಲ್ತಾನನು ಅವನಿಗೆ ತನ್ನ ಮಗಳನ್ನು ಕೊಟ್ಟು ವಿವಾಹ ಮಾಡಿದುದಲ್ಲದೆ, ಕಲಬುರಗಿಯ ಗೇಸೂದರಾಜರ ವಂಶಸ್ಥರಿಗಿಂತ ಮೇಲಿನ ಆಸನವನ್ನೂ ಕೊಟ್ಟನು. 1431ರಲ್ಲಿ ನಿಯಾಮತುಲ್ಲನು ಕಾಲವಾದ ಅನಂತರ ಅವನ ಮಗ ಖಲೀಲುಲ್ಲನೂ ಬೀದರಕ್ಕೆ ಬಂದನು. ಅಷ್ಟೂರಿಗೆ ಹೋಗುವ ದಾರಿಯಲ್ಲಿರುವ ಚೌಖಂಡಿಯು ಅವನ ಸಮಾಧಿ. ಹೀಗೆ ಒಬ್ಬರಿಗೆ ಸಂದ ಮನ್ನಣೆ ಇನ್ನೊಬ್ಬರಿಗೆ ಅವಮಾನವಾಗಿ ಪರಿಣಮಿಸಿತು.

ಮನ್ನಣೆ ಪಡೆದವರೆಲ್ಲರೂ ನೆಲೆನಿಂತರೆಂದೂ ಹೇಳುವಂತಿಲ್ಲ. ಇಸ್ಫರಾಯಿನಿನ ಕವಿ ಆಝರಿಯು ಹೊಸ ಅರಮನೆಯನ್ನು ಹೊಗಳಿ ಪದ್ಯ ರಚಿಸಿ ಸುಲ್ತಾನನಿಂದ ಅಪಾರ ಧನ ಪಡೆದನು. ಬಹಮನೀ ವಂಶದ ಚರಿತ್ರೆಯನ್ನು ಕಾವ್ಯರೂಪದಲ್ಲಿ ಬರೆಯಲು ತೊಡಗಿದನು. ಆದರೂ ಅವನ ಮನಸ್ಸು ಖುರಾಸಾನಿನಲ್ಲಿಯೇ ಇತ್ತು. ಕೊನೆಗೆ ಕಾವ್ಯವನ್ನು ಅಲ್ಲಿಂದಲೇ ಮುಂದುವರಿಸುವೆನೆಂದು ಮಾತು ಕೊಟ್ಟು ತಾಯ್ನಾಡಿಗೆ ಹಿಂದಿರುಗಿದನು. ಅರಮನೆಯನ್ನು ಹೊಗಳಿದವನಿಗೇ ಆ ಊರು ಮನೆಯಾಗಲಿಲ್ಲವೆಂಬುದು ವಿಚಾರಾರ್ಹ.

ಮುಂದೆ ಎರಡನೆಯ ಅಲಾವುದ್ದೀನ್ ಅಹಮದನ ಕಾಲದಲ್ಲಿ (1436–1458) ಪರದೇಶಗಳಿಂದ ಬಂದ ಆಫಾಕಿಗಳು ಸಿಂಹಾಸನದ ಬಲಗಡೆಯಲ್ಲಿಯೂ, ದಖ್ಖನಿಗಳು ಎಡಗಡೆಯಲ್ಲಿಯೂ ಕುಳಿತುಕೊಳ್ಳಬೇಕೆಂದು ಆಜ್ಞೆಯಾಯಿತೆಂದು ಫರಿಷ್ತಾ ಬರೆದಿದ್ದಾನೆ. ಒಂದೇ ಸಭೆಯನ್ನು ಬಲ-ಎಡಗಳಾಗಿ ಒಡೆದ ಈ ಕ್ರಮದ ಫಲವು ಬೇಗನೆ ತೋರಿಬಂದಿತು. 1447ರ ಸುಮಾರಿಗೆ ಪುಣೆಯ ಬಳಿಯ ಚಾಕಣದಲ್ಲಿ ಆಫಾಕಿಗಳ ಕೊಲೆ ನಡೆಯಿತು. ಎರಡೂ ಪಕ್ಷಗಳಿಗೆ ಅಧಿಕಾರವನ್ನು ಸಮನಾಗಿ ಹಂಚಲು ಯತ್ನಿಸಿದ ಮಹಮೂದ್ ಗವಾನನು 1481ರಲ್ಲಿ ಸುಳ್ಳು ಪತ್ರವೊಂದರ ನೆಪದಿಂದ ವಧೆಗೀಡಾದನು. ಅವನು 1472ರಲ್ಲಿ ಕಟ್ಟಿಸಿದ ಮದರಸಾ ಇಂದಿಗೂ ಬೀದರ ನಗರದ ನಡುವೆ ನಿಂತಿದೆ. ಅವನು ಬಯಸಿದ ಐಕಮತ್ಯ ಮಾತ್ರ ನಿಲ್ಲಲಿಲ್ಲ.

ದರ್ಬಾರಿನ ಈ ಚಿತ್ರದ ಪಕ್ಕದಲ್ಲಿ ಅದೇ ಕಾಲದ ಇನ್ನೊಬ್ಬ ಪರಸ್ಥಳಿಗನ ಅನುಭವವನ್ನು ಇಟ್ಟು ನೋಡಬೇಕು. ರಷ್ಯದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ, ಎಂದರೆ ಗವಾನನ ಅಧಿಕಾರ ಉಚ್ಛ್ರಾಯದಲ್ಲಿದ್ದಾಗ, ಬೀದರಕ್ಕೆ ಬಂದನು. ಚೌಲ್ ಬಂದರಿನಲ್ಲಿ ಇಳಿದು, ಮಾರುವುದಕ್ಕಾಗಿ ಒಂದು ಕುದುರೆಯನ್ನು ಜತೆಯಲ್ಲಿಟ್ಟುಕೊಂಡು ಜುನ್ನರಿನಲ್ಲಿ ಮಳೆಗಾಲ ಕಳೆದನು. ನಾಲ್ಕು ತಿಂಗಳು ಹಗಲಿರುಳೂ ನೀರು, ಕೆಸರು ಎಂದು ಅವನು ಬರೆದಿಟ್ಟಿದ್ದಾನೆ. ಈ ಮಾತು ನಮ್ಮ ವಿಷಯಕ್ಕೆ ಮುಖ್ಯವಾದುದು. ಕಪ್ಪು ಎರೆಭೂಮಿಯ ದಾರಿಗಳು ಮಳೆಯಲ್ಲಿ ಮುಚ್ಚಿಹೋಗುತ್ತವೆ. ನೆಲ ಆರಿದ ಮೇಲೆಯೇ ಎತ್ತು, ಕುದುರೆ, ಸರಕು, ಯಾತ್ರಿಕರು ಒಟ್ಟಿಗೆ ಹೊರಡುತ್ತಾರೆ. ಆದುದರಿಂದಲೇ ವರ್ಷದ ಉತ್ಸವಗಳೂ ವ್ಯಾಪಾರವೂ ಆ ಕೆಲವು ತಿಂಗಳುಗಳಲ್ಲಿ ಒತ್ತೊತ್ತಾಗಿ ಬರುತ್ತವೆ.

ಬೀದರದ ಅರಮನೆಯನ್ನು ನಿಕಿತಿನ್ ಹೊರಗಿನಿಂದ ವರ್ಣಿಸಿದ್ದಾನೆ. ಏಳು ಬಾಗಿಲುಗಳು, ಒಂದೊಂದರಲ್ಲಿಯೂ ನೂರು ಮಂದಿ ಕಾವಲುಗಾರರು, ನೂರು ಮಂದಿ ಬರಹಗಾರರು, ಒಳಗೆ ಹೋದವರನ್ನೂ ಹೊರಗೆ ಬಂದವರನ್ನೂ ಅವರು ಬರೆದುಕೊಳ್ಳುತ್ತಾರೆ, ಪರದೇಶಿಗಳಿಗೆ ಪ್ರವೇಶವಿಲ್ಲ. ಹಬ್ಬದ ದಿನ ಸುಲ್ತಾನನ ಸವಾರಿ ಹೊರಟಾಗ ಕವಚ ತೊಟ್ಟ ಮುನ್ನೂರು ಆನೆಗಳನ್ನು ಅವನು ಕಂಡನು. ಆದರೆ ಅದು ನೋಡುವ ಹಬ್ಬ, ಕೂಡುವ ಹಬ್ಬವಲ್ಲ. ಇದಕ್ಕೆ ಭಿನ್ನವಾಗಿ, ಶೇಖ್ ಅಲಾವುದ್ದೀನರ ಸ್ಮರಣೆಗಾಗಿ ಹತ್ತು ದಿನ ನಡೆಯುತ್ತಿದ್ದ ಆಳಂದದ ಸಂತೆಯು ಈ ದೇಶದ ಅತ್ಯುತ್ತಮ ಸಂತೆಯೆಂದೂ, ಅಲ್ಲಿಗೆ ಇಪ್ಪತ್ತು ಸಾವಿರದಷ್ಟು ಕುದುರೆಗಳು ಮಾರಾಟಕ್ಕೆ ಬರುತ್ತವೆಂದೂ ಅವನು ಹೇಳುತ್ತಾನೆ. ಸಂಖ್ಯೆಯಲ್ಲಿ ಅತಿಶಯೋಕ್ತಿ ಇದ್ದಿರಬಹುದು. ನಾನಾ ಕಡೆಯ ಜನ ಅಲ್ಲಿ ಕಲೆಯುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ.

ಆ ಚಳಿಗಾಲದಲ್ಲಿ, ಕ್ರಿಸ್ಮಸ್ಸಿನ ಸುಮಾರಿಗೆ, ಅವನು ಬೀದರದಲ್ಲಿ ಕುದುರೆಯನ್ನು ಮಾರಿದನು. ವ್ಯಾಪಾರ ಮುಗಿದಿತ್ತು; ಹೊರಟುಹೋಗಬಹುದಾಗಿತ್ತು. ಆದರೆ ಅವನು ಉಳಿದನು. ಅದುವರೆಗೆ ಖುರಾಸಾನಿನ ಖ್ವಾಜಾ ಯೂಸುಫ್ ಎಂಬ ಹೆಸರಿನಿಂದ ವ್ಯವಹರಿಸುತ್ತಿದ್ದವನು, ಪರಿಚಿತರಾದ ಹಿಂದೂಗಳಿಗೆ ತನ್ನ ನಿಜನಾಮವನ್ನೂ ತಾನು ಕ್ರೈಸ್ತನೆಂಬುದನ್ನೂ ತಿಳಿಸಿದನು. ಆಮೇಲೆ ಅವರು ತಮ್ಮ ಊಟವನ್ನಾಗಲಿ, ವ್ಯಾಪಾರವನ್ನಾಗಲಿ, ಪೂಜೆಯನ್ನಾಗಲಿ, ಮನೆಯ ಹೆಂಗಸರನ್ನಾಗಲಿ ತನ್ನಿಂದ ಮರೆಮಾಡಲಿಲ್ಲವೆಂದು ಬರೆಯುತ್ತಾನೆ. ಇಲ್ಲಿಯವರು ತಮ್ಮತಮ್ಮೊಳಗೇ ಸಹಪಂಕ್ತಿಯಲ್ಲಿ ಉಣ್ಣುವುದಿಲ್ಲ, ಕೆಲವರು ಊಟದ ಹೊತ್ತಿಗೆ ಬಟ್ಟೆಯನ್ನು ಮರೆಮಾಡಿಕೊಳ್ಳುತ್ತಾರೆ ಎಂದು ಹೇಳಿದವನೂ ಅವನೇ. ಆದಕಾರಣ ಈ ವಿಶ್ವಾಸದ ಮಹತ್ವವನ್ನು ವಾಚಕರು ಊಹಿಸಿಕೊಳ್ಳಬಹುದು. ಕೆಲವು ತಿಂಗಳ ಅನಂತರ, ಶಿವರಾತ್ರಿಯ ಕಾಲಕ್ಕೆ, ಅವನು ಅವರೊಡನೆ ಪರ್ವತಕ್ಕೆ, ಎಂದರೆ ಶ್ರೀಶೈಲಕ್ಕೆ, ಒಂದು ತಿಂಗಳ ದಾರಿ ನಡೆದು ಹೋಗಿ, ಅಲ್ಲಿಯ ಕರಿಕಲ್ಲಿನ ಬಸವನನ್ನು ಕಂಡು ಬೀದರಕ್ಕೆ ಮರಳಿದನು.

ಈ ಒಲವಿಗೆ ಅವನು ಬೆಲೆಯನ್ನೂ ತೆತ್ತನು. ಧರ್ಮಗ್ರಂಥಗಳನ್ನು ದಾರಿಯಲ್ಲಿ ಕಳೆದುಕೊಂಡಿದ್ದುದರಿಂದ ತನ್ನ ಹಬ್ಬಗಳ ದಿನವೇ ಅವನಿಗೆ ತಿಳಿಯದಾಯಿತು. ಈಸ್ಟರ್ ಯಾವಾಗ ಬರುವುದೆಂಬುದನ್ನು ಮುಸಲ್ಮಾನರ ಹಬ್ಬದಿಂದ ಎಣಿಸಿ ಊಹಿಸಬೇಕಾಯಿತು. ಪರರ ಪಂಚಾಂಗದಲ್ಲಿ ಸ್ಥಳ ಪಡೆದವನಿಗೆ ಸ್ವಂತ ಪಂಚಾಂಗ ತಪ್ಪಿಹೋದ ನೋವು ಅವನ ಬರಹದುದ್ದಕ್ಕೂ ಇದೆ. ಕೊನೆಗೆ ಅವನೂ ಊರಿಗೆ ಹೊರಟನು. ಸ್ಮೋಲೆನ್ಸ್ಕ್ ತಲಪುವ ಮೊದಲೇ ತೀರಿಕೊಂಡನು. ಆಝರಿಗೂ ಇವನಿಗೂ ಇರುವ ಅಂತರವು ಹಿಂದಿರುಗಿದ್ದರಲ್ಲಿಲ್ಲ. ಇದ್ದಷ್ಟು ಕಾಲ ಯಾರ ನಡುವೆ ಇದ್ದರೆಂಬುದರಲ್ಲಿದೆ.

ಆ ಕಾಲವನ್ನು ಸುವರ್ಣಯುಗವೆಂದು ಭಾವಿಸಬೇಕಾದುದಿಲ್ಲ. ಬೀದರದ ಪೇಟೆಯಲ್ಲಿ ರೇಷ್ಮೆ, ಕುದುರೆಗಳೊಡನೆ ಗುಲಾಮರೂ ಮಾರಾಟವಾಗುತ್ತಿದ್ದರು. ಅಮೀರರು ಬೆಳ್ಳಿಯ ಮಂಚಗಳ ಮೇಲೆ ಹೊರಿಸಿಕೊಂಡು ಹೋಗುತ್ತಿದ್ದಾಗ ಹಳ್ಳಿಯವರು ಕಡುಬಡವರಾಗಿದ್ದರೆಂದು ನಿಕಿತಿನನೇ ಹೇಳಿದ್ದಾನೆ. ಪರ್ವತದ ಯಾತ್ರಿಕರಿಂದ ಸುಂಕವನ್ನೂ ವಸೂಲು ಮಾಡಲಾಗುತ್ತಿತ್ತು. ಜಾತ್ರೆಯು ಈ ವೈಷಮ್ಯಗಳನ್ನು ಅಳಿಸಲಿಲ್ಲ. ಅರಮನೆಯ ಬಾಗಿಲಿನಲ್ಲಿ ನಿಲ್ಲಬೇಕಾಗಿದ್ದವನಿಗೆ ಒಳಗೆ ಬರಲು ಇನ್ನೊಂದು ದಾರಿಯನ್ನು ತೆರೆಯಿತು, ಅಷ್ಟೇ.

ರಾಜಧಾನಿಯನ್ನು ಇಲ್ಲಿಗೆ ತಂದ ಅಹಮದ್ ಷಾನೇ ಆ ದಾರಿಯಿಂದ ಊರಿನೊಳಕ್ಕೆ ಬಂದನೆಂಬುದು ಗಮನಾರ್ಹ. 1436ರಲ್ಲಿ ಮೃತನಾದ ಅವನನ್ನು ಅಷ್ಟೂರಿನಲ್ಲಿ ಸಮಾಧಿ ಮಾಡಲಾಯಿತು. ಗುಮ್ಮಟದ ಒಳಮೈಯ ವರ್ಣಚಿತ್ರಗಳೂ ಬರಹಗಳೂ ಪರ್ಷಿಯಾದ ಶೈಲಿಯವು. ಆದರೆ ಅವನ ಉರುಸು ನಡೆಯುವುದು ಹಿಜರಿ ತಿಥಿಯಂತೆ ಅಲ್ಲ. ಹೋಳಿಯಾದ ಇಪ್ಪತ್ತನೆಯ ದಿನ, ಎಂದರೆ ಯುಗಾದಿಯ ಬೆನ್ನಿಗೇ ಚೈತ್ರಮಾಸದಲ್ಲಿ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಅನುಯಾಯಿಗಳೊಡನೆ ಬಂದು, ಶಂಖವನ್ನೂದಿ, ತೆಂಗಿನಕಾಯಿ ಒಡೆದು, ಗೋರಿಗೆ ಹೂವೇರಿಸುವ ಪದ್ಧತಿಯನ್ನು ಗುಲಾಮ್ ಯಜ್ದಾನಿಯವರು 1947ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಅದು ಇಂದಿಗೂ ನಡೆದುಬಂದಿದೆ. ಹಿಂದೂ ಭಕ್ತರಿಗೆ ಅವನು ಅಲ್ಲಮಪ್ರಭು. ಬದುಕಿದ್ದಾಗ ಆಸನಗಳ ಮೇಲು-ಕೀಳನ್ನು ನಿರ್ಣಯಿಸಿದ ಅರಸನಿಗೆ ಮರಣಾನಂತರ ಆಸನ ಕೊಟ್ಟವರು ಒಕ್ಕಲುಮಕ್ಕಳು. ಅದನ್ನು ಕೊಟ್ಟದ್ದು ತಮ್ಮ ಪಂಚಾಂಗದಲ್ಲಿ.

ಈ ಕ್ರಮವು ಬಹಮನಿಗಳೊಡನೆ ಮುಗಿಯಲಿಲ್ಲ. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯ ಜನರು ಮನೆ ಬಿಟ್ಟು ಕದಲದೆಯೇ ಹೊಸ ಮನೆ ಸೇರಿದರು. ಹೈದರಾಬಾದ್ ರಾಜ್ಯವು ವಿಂಗಡವಾಗಿ ಬೀದರ, ಭಾಲ್ಕಿ, ಔರಾದ ಮೊದಲಾದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೂ, ಉದಗೀರ, ನಿಲಂಗ, ಅಹಮದಪುರಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ್, ನಾರಾಯಣಖೇಡಗಳು ಆಂಧ್ರಪ್ರದೇಶಕ್ಕೂ ಸೇರಿದವು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು (1890–1999) ನಿಜಾಮರ ಆಳ್ವಿಕೆಯಲ್ಲಿಯೇ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸುವ ವ್ಯವಸ್ಥೆ ಮಾಡಿದ್ದರಿಂದ ಕನ್ನಡಕ್ಕೆ ಇಲ್ಲಿ ನೆಲೆ ಸಿದ್ಧವಾಗಿತ್ತು. ಆದರೆ ಗಡಿಯ ಹಳ್ಳಿಗಳಲ್ಲಿ ಮರಾಠಿ, ತೆಲುಗು, ಉರ್ದು ಮನೆಮಾತಿನವರೂ ಇದ್ದರು. ಅವರನ್ನು ಒಂದೆಡೆ ಕೂಡಿಸಿದ್ದು ಆಡಳಿತದ ಆಜ್ಞೆಯೊಂದೇ ಅಲ್ಲ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನು ಮರಾಠಿಗರಿಗೆ ಖಂಡೋಬಾ. ಮೂರು ರಾಜ್ಯಗಳ ಭಕ್ತರೂ ಅಲ್ಲಿ ಭಂಡಾರ ಹಚ್ಚಿಕೊಳ್ಳುತ್ತಾರೆ. ಔರಾದದ ಅಮರೇಶ್ವರನ ಶಿವರಾತ್ರಿ ಜಾತ್ರೆಯಲ್ಲಿ ದೇವಣಿ ತಳಿಯ ಎತ್ತುಗಳ ಹಲ್ಲು ನೋಡಿ ಬೆಲೆ ಕಟ್ಟುವಾಗ ಗಡಿಯ ಎರಡೂ ಬದಿಯ ರೈತರಿಗೆ ಪರಸ್ಪರರ ಮಾತು ತಿಳಿಯದಿದ್ದರೆ ವ್ಯವಹಾರ ಸಾಗದು.

ಮೇಲಿನ ವಿವೇಚನೆಯಿಂದ ಫಲಿಸುವ ಅಂಶವಿಷ್ಟು. ರಾಜಧಾನಿಗಳ ಚರಿತ್ರೆಯನ್ನು ಶಾಸನ, ಕೋಟೆ, ದರ್ಬಾರುಗಳಿಂದ ಬರೆಯುವಂತೆ ಜಾತ್ರೆಯ ತಿಥಿಗಳಿಂದಲೂ ಬರೆಯಲು ಅವಕಾಶವಿದೆ. ಯಾವ ಊರಿನ ಉರುಸು ಯಾವ ಪಂಚಾಂಗದಂತೆ ನಡೆಯುತ್ತದೆ, ಯಾವ ಊರಿನವರು ಮೊದಲ ಕಾಯಿ ಒಡೆಯುತ್ತಾರೆ, ಯಾರ ಎತ್ತುಗಳು ಎಲ್ಲಿಂದ ಬರುತ್ತವೆ ಎಂಬ ವಿವರಗಳು ಬೀದರ, ಭಾಲ್ಕಿ, ಔರಾದಗಳ ಹಿರಿಯರ ನೆನಪಿನಲ್ಲಿ ಇನ್ನೂ ಉಳಿದಿವೆ. ಅವನ್ನು ಊರೂರಿಗೆ ಹೋಗಿ ಬರೆದುಕೊಳ್ಳುವ ಕಾರ್ಯವನ್ನು ನಮ್ಮ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೈಕೊಂಡರೆ, ಆ ಏಳು ಬಾಗಿಲುಗಳ ಬರಹಗಾರರು ದಾಖಲಿಸದೆ ಬಿಟ್ಟ ಚರಿತ್ರೆಯ ಒಂದು ಭಾಗವಾದರೂ ನಮಗೆ ದಕ್ಕೀತು.