ಯೂನಿಕ್ಸ್ ಕರ್ನೆಲ್ಲಿನಲ್ಲಿ ಸಾಧನಗಳ ನಿರೂಪಣೆ: ಒಂದು ಚಾರಿತ್ರಿಕ ಸಮೀಕ್ಷೆ

ರಾಯಚೂರು ಜಿಲ್ಲೆಯಲ್ಲಿ, ಮುದಗಲ್ಲಿನ ನೆರೆಸೀಮೆಯಾದ ಮಸ್ಕಿಯಲ್ಲಿ, 1915ರಲ್ಲಿ ಬೆಳಕಿಗೆ ಬಂದ ಅಶೋಕನ ಬಂಡೆಶಾಸನವು ಒಮ್ಮೆ ಕೊರೆದ ಮೇಲೆ ತಿದ್ದಲಾಗದ ಬರಹ. ಬಟ್ಟೆಗೆ ಇದ್ದಿಲಿನ ಲೇಪ ಕೊಟ್ಟು ಬಳಪದಿಂದ ಬರೆಯುತ್ತಿದ್ದ ಕಡತವಾದರೋ ಅಳಿಸಿ ಮತ್ತೆ ಬರೆಯಬಹುದಾದುದು. ಯೂನಿಕ್ಸ್ ಗಣಕವ್ಯವಸ್ಥೆಯಲ್ಲಿ ಸಾಧನಗಳ ವಿವರವನ್ನು ದಾಖಲಿಸುವ ಕ್ರಮವು ಬಂಡೆಯ ರೀತಿಯಿಂದ ಕಡತದ ರೀತಿಗೆ ಸಾಗಿಬಂದ ಬಗೆಯನ್ನೂ, ಹಾಗೆ ಬರೆಯುವ ಅಧಿಕಾರ ಯಾರದೆಂಬುದನ್ನೂ ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸಲಾಗಿದೆ.

ಯಂತ್ರಭಾಗಗಳಿಗೂ ಬಳಕೆದಾರನ ಕಾರ್ಯಗಳಿಗೂ ನಡುವೆ ನಿಂತು ಎಲ್ಲವನ್ನೂ ನಿಯಂತ್ರಿಸುವ ತಿರುಳಿಗೆ ಕರ್ನೆಲ್ ಎಂದು ಹೆಸರು. 1973ರಲ್ಲಿ ಸಿ ಭಾಷೆಯಲ್ಲಿ ಪುನಾರಚಿತವಾದ ಕರ್ನೆಲ್ಲಿನಲ್ಲಿ ಡಿಸ್ಕಿನಂಥ ಸಾಧನಗಳಿಗೊಂದು, ಟರ್ಮಿನಲ್ಲಿನಂಥವುಗಳಿಗೊಂದು, ಹೀಗೆ ಎರಡು ಕೋಷ್ಟಕಗಳಿದ್ದುವು. ಹೊಸ ಬಗೆಯ ಸಾಧನವನ್ನು ಸೇರಿಸಬೇಕಾದರೆ ಕೋಷ್ಟಕವನ್ನು ತಿದ್ದಿ, ಕರ್ನೆಲ್ಲನ್ನೇ ಮರಳಿ ಕಟ್ಟಿ, ಯಂತ್ರವನ್ನು ಹೊಸದಾಗಿ ಆರಂಭಿಸಬೇಕಾಗಿದ್ದಿತು. 1981ರ ಜೂನ್ ತಿಂಗಳಿನಲ್ಲಿ ಹೊರಬಂದ 4.1 ಬಿಎಸ್‌ಡಿ ಆವೃತ್ತಿಯಲ್ಲಿ ರಾಬರ್ಟ್ ಎಲ್ಜ್ ಅವರ ಸ್ವಯಂಶೋಧನ ಕ್ರಮವು ಸೇರಿತು. ಇರುವ ಸಾಧನಗಳನ್ನು ಕರ್ನೆಲ್ ಆರಂಭಕಾಲದಲ್ಲಿ ತಾನೇ ಹುಡುಕತೊಡಗಿತು. ಆದರೂ ಯಾವುದನ್ನು ಹುಡುಕಬೇಕೆಂಬುದು ಕಟ್ಟುವಾಗಲೇ ನಿಶ್ಚಿತವಾಗುತ್ತಿದ್ದಿತು.

ಡಿಜಿಟಲ್ ಸಂಸ್ಥೆಯು ಆಲ್ಫಾ ಯಂತ್ರಗಳಿಗಾಗಿ ರೂಪಿಸಿದ ಯೂನಿಕ್ಸ್, ಮುಂದೆ 1999ರಲ್ಲಿ ಟ್ರೂ64 ಎಂಬ ಹೆಸರನ್ನು ಪಡೆದುದು, ಬೇರೊಂದು ಮಾರ್ಗವನ್ನು ಹಿಡಿಯಿತು. ಇಲ್ಲಿ ಕರ್ನೆಲ್ಲನ್ನು ಉಪವ್ಯವಸ್ಥೆಗಳಾಗಿ ವಿಂಗಡಿಸಿ, ಪ್ರತಿಯೊಂದರ ಲಕ್ಷಣಗಳಿಗೂ ಹೆಸರು ಕೊಡಲಾಯಿತು. ಸಿಸ್‌ಕಾನ್ಫಿಗ್‌ಟ್ಯಾಬ್ ಎಂಬ ಕಡತದಲ್ಲಿ ಉಪವ್ಯವಸ್ಥೆಯ ಹೆಸರು, ಅದರ ಕೆಳಗೆ ಲಕ್ಷಣ ಮತ್ತು ಬೆಲೆ, ಇಷ್ಟನ್ನೇ ಬರೆದರೆ ಸಾಕು. ಪಿಸಿಐ ಹಲಗೆಯ ತಯಾರಕನ ಸಂಖ್ಯೆ, ಸಾಧನದ ಸಂಖ್ಯೆಗಳನ್ನು ಹೀಗೆ ನಮೂದಿಸಿದರೆ ಕರ್ನೆಲ್ ಅವುಗಳನ್ನು ಹೋಲಿಸಿ ತಕ್ಕ ಡ್ರೈವರನ್ನು ಗೊತ್ತುಪಡಿಸುತ್ತದೆ. ಕೆಲವು ಲಕ್ಷಣಗಳನ್ನು ಸಿಸ್‌ಕಾನ್ಫಿಗ್ ಆದೇಶದಿಂದ ಯಂತ್ರ ನಡೆಯುತ್ತಿರುವಾಗಲೇ ಬದಲಿಸಬಹುದು. ಉಳಿದವು ಮರುಆರಂಭದ ತರುವಾಯವೇ ಜಾರಿಗೆ ಬರುತ್ತವೆ.

ಈ ಸ್ವಾತಂತ್ರ್ಯಕ್ಕೂ ಒಂದು ಮೇರೆಯುಂಟು. ತಯಾರಕನು ಹೆಸರಿಸಿದ ಲಕ್ಷಣಗಳನ್ನು ಮಾತ್ರ ನಿರ್ವಾಹಕನು ತಿದ್ದಬಲ್ಲನು. ಟ್ರೂ64ಕ್ಕೆ ತಯಾರಕರ ಬೆಂಬಲವು 2012ರಲ್ಲಿ ಕೊನೆಗೊಂಡಾಗ, ಹೊಸ ಯಂತ್ರಾಂಶಕ್ಕೆ ಅದನ್ನು ಹೊಂದಿಸುವ ದಾರಿಯೂ ಬಹುಮಟ್ಟಿಗೆ ಮುಚ್ಚಿತು.

ಇದಕ್ಕೆ ಪ್ರತಿಯಾಗಿ ನಿಲ್ಲುವ ನಿದರ್ಶನವು ನಮ್ಮ ನಾಡಿನದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ವಿದ್ವಾಂಸರೂ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೂ ಕೂಡಿ 2001ರಲ್ಲಿ ಪ್ರಕಟಪಡಿಸಿದ ಸಿಂಪ್ಯೂಟರ್ ಎಂಬ ಕೈಗಣಕವು, ಯೂನಿಕ್ಸ್ ಮಾದರಿಯ ಲಿನಕ್ಸ್ ಕರ್ನೆಲ್ಲನ್ನು ಸ್ಟ್ರಾಂಗ್‌ಆರ್ಮ್ ಸಂಸ್ಕಾರಕದ ಮೇಲೆ ನಡೆಸಿತು. ಸ್ಮಾರ್ಟ್‌ಕಾರ್ಡ್ ಓದುವ ಸಾಧನವೂ ಅದರಲ್ಲಿದ್ದಿತು. ಮೂಲಪಠ್ಯವು ಬಹಿರಂಗವಾಗಿದ್ದುದರಿಂದ, ತಾವು ರೂಪಿಸಿದ ಯಂತ್ರಾಂಶಕ್ಕೆ ಕರ್ನೆಲ್ಲನ್ನು ಹೊಂದಿಸಿಕೊಳ್ಳಲು ಇವರಿಗೆ ಅನ್ಯರ ಅಪ್ಪಣೆ ಬೇಕಾಗಲಿಲ್ಲ. 2003ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 2.6ರ ಸಿಸ್‌ಎಫ್‌ಎಸ್ ಒಂದೊಂದು ಸಾಧನಲಕ್ಷಣವನ್ನೂ ಒಂದೊಂದು ಕಿರುಕಡತವಾಗಿಯೇ ತೋರಿಸಿತು.

ಒಟ್ಟಿನಲ್ಲಿ, ಲಕ್ಷಣವು ಕಡತಕ್ಕೆ ಇಳಿದುದರಿಂದ ನಿರ್ವಾಹಕನ ಶ್ರಮ ತಗ್ಗಿತು. ಮೂಲಪಠ್ಯವು ಕೈಸೇರಿದುದರಿಂದ ಪರಾಧೀನತೆ ತಗ್ಗಿತು. ಇವೆರಡನ್ನೂ ಒಂದೆಂದು ಎಣಿಸಲಾಗದು.