ಮೊದಲು ಹಾಡು, ಆಮೇಲೆ ಆಸ್ಪತ್ರೆ: ಬಾಬ್ ಡಿಲನ್ ಅವರ 1997



ಊರು ಬಿಟ್ಟು ಮುಂಬೈ, ಪುಣೆ, ಚೆನ್ನೈ, ದೆಹಲಿ ಎಂದು ಬಂದು ನೆಲೆಸಿದ ನಮ್ಮಂಥವರ ಮನೆಯ ಕ್ಯಾಸೆಟ್ ಡಬ್ಬದಲ್ಲಿ ಶಿಶುನಾಳ ಷರೀಫರ ಹಾಡುಗಳ ಪಕ್ಕದಲ್ಲೇ ಒಂದೆರಡು ಇಂಗ್ಲಿಷ್ ಕ್ಯಾಸೆಟ್ಟುಗಳೂ ಇರುತ್ತಿದ್ದವು, ಅಲ್ಲವೇ? ಹಾಸ್ಟೆಲಿನಲ್ಲಿ ಯಾರೋ ಕೊಟ್ಟದ್ದು, ವಾಪಸ್ ಕೊಡದೆ ಉಳಿದದ್ದು. ಅದರಲ್ಲಿ ಒಬ್ಬ ಮೂಗಿನಲ್ಲಿ ಹಾಡುತ್ತಾನೆ, ಗಂಟಲು ಕೆರೆಯುತ್ತದೆ, ಶ್ರುತಿಯ ಮೇಲೆ ನಿಂತೇ ಇರುತ್ತಾನೆಂದು ಹೇಳುವಂತಿಲ್ಲ. "ಇದೂ ಒಂದು ಕಂಠವೇನಯ್ಯಾ?" ಎಂದು ಮನೆಯ ಹಿರಿಯರು ಕೇಳಿಯೇ ಕೇಳಿರುತ್ತಾರೆ. ಬಾಬ್ ಡಿಲನ್ ಅವರ ಆ ಕಂಠದ್ದೇ ಮಾತು ಇವತ್ತು. ಅರವತ್ತು ವರ್ಷ ಮೀರಿದ ಅವರ ಹಾಡಿನ ಬದುಕನ್ನೆಲ್ಲ ಹೇಳಲು ಹೊರಟಿಲ್ಲ. ಒಂದೇ ಒಂದು ವರ್ಷ ಸಾಕು. ಆ ವರ್ಷದ ಬಗ್ಗೆ ಜಗತ್ತೆಲ್ಲ ಒಂದು ಕತೆ ಹೇಳುತ್ತದೆ. ಆ ಕತೆ ತಲೆಕೆಳಗಾಗಿದೆ ಎನ್ನುವುದು ನನ್ನ ತಕರಾರು.

ಜನ ಹೇಳುವ ಕತೆ ಹೀಗಿದೆ. 1997ರಲ್ಲಿ ಡಿಲನ್ ಸಾವಿನ ಬಾಗಿಲು ತಟ್ಟಿ ಬಂದರು. ಹಾಗೆ ಬಂದವರು 'ಟೈಮ್ ಔಟ್ ಆಫ್ ಮೈಂಡ್' ಎಂಬ ಆಲ್ಬಂ ಕೊಟ್ಟರು. ಅದರ ತುಂಬ ಮುಪ್ಪು, ಒಂಟಿತನ, ಮುಗಿಯುತ್ತ ಬಂದ ದಾರಿ. ಸಾವನ್ನು ಕಂಡವನು ಸಾವಿನ ಬಗ್ಗೆ ಹಾಡಿದ! ಕೇಳಲು ಎಷ್ಟು ಚೆನ್ನಾಗಿದೆ ನೋಡಿ. ಆದರೆ ಗೋಡೆಯ ಮೇಲಿನ ಕ್ಯಾಲೆಂಡರ್ ಬೇರೆಯದನ್ನೇ ಹೇಳುತ್ತದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಡಿಲನ್ ಹುಟ್ಟಿದ್ದು 1941ರ ಮೇ 24ರಂದು, ಅಮೆರಿಕದ ಮಿನೆಸೋಟ ರಾಜ್ಯದ ಡುಲೂತ್‌ನಲ್ಲಿ. ಅಕೂಸ್ಟಿಕ್ ಗಿಟಾರ್, ಮೌತ್ ಆರ್ಗನ್ ಹಿಡಿದು ಜನಪದ ಹಾಡುಗಾರನಾಗಿ ಹೆಸರು ಮಾಡಿದ ಹುಡುಗ 1965ರ ಜುಲೈಯಲ್ಲಿ ನ್ಯೂಪೋರ್ಟ್ ಜನಪದ ಉತ್ಸವದ ವೇದಿಕೆಗೆ ಎಲೆಕ್ಟ್ರಿಕ್ ಗಿಟಾರ್ ತಂದಾಗ ಎದ್ದ ಗಲಾಟೆ ನಿಮಗೆ ಗೊತ್ತೇ ಇರುತ್ತದೆ. ಅದೇ ವರ್ಷ ಬರ್ಡ್ಸ್ ತಂಡ ಅವರದೇ ಹಾಡನ್ನು ಎಲೆಕ್ಟ್ರಿಕ್ ಮಾಡಿ ಹಾಡಿತು. 'ಫೋಕ್-ರಾಕ್' ಎಂಬ ಹೆಸರು ಎಲ್ಲರ ಬಾಯಿಗೆ ಬಂದದ್ದು ಆಗಲೇ.

ಇಪ್ಪತ್ತೈದು ವರ್ಷ ಕಳೆದ ಮೇಲೆ ಏನಾಗಿತ್ತು? 1991ರಲ್ಲಿ ಗ್ರ್ಯಾಮಿಯವರು ಜೀವಮಾನ ಸಾಧನೆಯ ಪ್ರಶಸ್ತಿ ಕೊಟ್ಟರು. ಆಗ ಅವರಿಗಿನ್ನೂ ಐವತ್ತೂ ತುಂಬಿರಲಿಲ್ಲ. ನಮ್ಮಲ್ಲಿ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟರೆ ಏನರ್ಥ ಹೇಳಿ? ಬಹಳ ಸಲ, "ನಿಮ್ಮದು ಆಯಿತು, ಇನ್ನು ಕೂತುಕೊಳ್ಳಿ" ಎಂದೇ ಅರ್ಥ. 1990ರ 'ಅಂಡರ್ ದ ರೆಡ್ ಸ್ಕೈ' ಆದ ಮೇಲೆ ಅವರ ಸ್ವಂತ ಹೊಸ ಹಾಡುಗಳ ಆಲ್ಬಂ ಏಳು ವರ್ಷ ಬರಲಿಲ್ಲ. ಬರೆಯುವ ಕೈ ನಿಂತಿತು ಎಂದೇ ಬಹಳ ಜನ ತಿಳಿದರು.

ಆದರೆ ಡಿಲನ್ ಸುಮ್ಮನೆ ಕೂತಿರಲಿಲ್ಲ. 1992 ಮತ್ತು 1993ರಲ್ಲಿ ಒಬ್ಬರೇ ಗಿಟಾರ್ ಹಿಡಿದು ಎರಡು ಆಲ್ಬಂ ತುಂಬ ಹಳೆಯ ಜನಪದ ಮತ್ತು ಬ್ಲೂಸ್ ಹಾಡುಗಳನ್ನು ಹಾಡಿದರು. ಕೊಲೆ, ವಿರಹ, ಗಂಡ ಬಿಟ್ಟು ಹೋದದ್ದು... ನಮ್ಮ ಲಾವಣಿಗಳಲ್ಲಿ ಬರುವಂಥ ಸಂಗತಿಗಳೇ. ಜೊತೆಗೆ 1988ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯದಲ್ಲಿ ಶುರುವಾದ, 'ಮುಗಿಯದ ಪ್ರವಾಸ' ಎಂದೇ ಹೆಸರಾದ ಸುತ್ತಾಟ. ವರ್ಷಕ್ಕೆ ಸುಮಾರು ನೂರು ಕಾರ್ಯಕ್ರಮ! ಬಯಲಾಟದ ಮೇಳದವರ ಹಾಗೆ ಇವತ್ತು ಈ ಊರು, ನಾಳೆ ಆ ಊರು. ಕಂಠ ಹರಿದುಹೋಗದೆ ಇನ್ನೇನಾದೀತು? 1995ರ ಆಗಸ್ಟ್‌ನಲ್ಲಿ ಗ್ರೇಟ್‌ಫುಲ್ ಡೆಡ್ ತಂಡದ ಗೆಳೆಯ ಜೆರ್ರಿ ಗಾರ್ಸಿಯ ತೀರಿಕೊಂಡರು. ಡಿಲನ್ ಅಂತ್ಯಕ್ರಿಯೆಗೆ ಹೋಗಿದ್ದರು. ಅದರ ನಂತರದ ಚಳಿಗಾಲದಲ್ಲಿ, ಮಿನೆಸೋಟದ ತಮ್ಮ ತೋಟದಲ್ಲಿ ಹಿಮ ಬಿದ್ದು ಹೊರಗೆ ಕಾಲಿಡಲಾಗದ ದಿನಗಳಲ್ಲಿ, ಹೊಸ ಹಾಡುಗಳು ಹುಟ್ಟಿದವು ಎನ್ನುತ್ತಾರೆ.

ಈಗ ನಮ್ಮ ವರ್ಷಕ್ಕೆ ಬರೋಣ. 1997ರ ಜನವರಿ, ಮಯಾಮಿ ನಗರದ ಕ್ರೈಟೀರಿಯ ಸ್ಟುಡಿಯೋ. ನಿರ್ಮಾಪಕರು ಕೆನಡಾದ ಡೇನಿಯಲ್ ಲನ್ವಾ. 1989ರ 'ಓ ಮರ್ಸಿ' ಆಲ್ಬಂ ಮಾಡಿಕೊಟ್ಟವರೂ ಅವರೇ. ಹಿಂದಿನ ವರ್ಷ ಕ್ಯಾಲಿಫೋರ್ನಿಯದ ಹಳೆಯ ಸಿನಿಮಾ ಟಾಕೀಸೊಂದರಲ್ಲಿ ಇಬ್ಬರೂ ಸೇರಿ ಹಾಡುಗಳನ್ನು ಉಜ್ಜಿ ನೋಡಿದ್ದರು. ಡಿಲನ್‌ಗೆ ಬೇಕಾಗಿದ್ದದ್ದು ಹಳೆಯ ಗ್ರಾಮಫೋನ್ ಪ್ಲೇಟಿನ ಸದ್ದು. ಚಾರ್ಲಿ ಪ್ಯಾಟನ್‌ನಂಥ ಬ್ಲೂಸ್ ಹಾಡುಗಾರರ ತಟ್ಟೆಗಳಲ್ಲಿ ಕೇಳುತ್ತದಲ್ಲ, ಕೋಣೆಯೇ ಹಾಡಿದಂತೆ, ಅದು. ಅದಕ್ಕಾಗಿ ಹತ್ತು-ಹನ್ನೆರಡು ವಾದ್ಯಗಾರರನ್ನು ಒಂದೇ ಕೋಣೆಯಲ್ಲಿ ಕೂರಿಸಿ ಒಟ್ಟಿಗೆ ನುಡಿಸಿದರು. ಕೆಲವು ಹಾಡಿಗೆ ಇಬ್ಬಿಬ್ಬರು ಡ್ರಮ್ಮರ್‌ಗಳು! ಆರ್ಗನ್‌ಗೆ ಆಗೀ ಮೈಯರ್ಸ್, ಕೀಬೋರ್ಡಿಗೆ ಮೆಂಫಿಸ್‌ನ ಜಿಮ್ ಡಿಕಿನ್ಸನ್, ಡ್ರಮ್ಸ್‌ಗೆ ಜಿಮ್ ಕೆಲ್ಟ್ನರ್ ಮತ್ತು ಬ್ರಯನ್ ಬ್ಲೇಡ್. ಡಿಲನ್ ಮತ್ತು ಲನ್ವಾ ನಡುವೆ ಜಗಳವೂ ಕಮ್ಮಿ ಇರಲಿಲ್ಲ. ಒಬ್ಬರಿಗೆ ಸದ್ದು ಬರಿದಾಗಿರಬೇಕು, ಇನ್ನೊಬ್ಬರಿಗೆ ಅದರ ಸುತ್ತ ಮಂಜು ಕವಿದಿರಬೇಕು. ಕೊನೆಗೆ ಆಲ್ಬಮ್ಮಿನಲ್ಲಿ ಮಂಜೇ ಗೆದ್ದಿತು.

ಅಲ್ಲಿಯ ಒಂದು ತಮಾಷೆಯನ್ನು ಡಿಕಿನ್ಸನ್ ಹೇಳುತ್ತಿದ್ದರು. ಆಲ್ಬಮ್ಮಿನ ಕೊನೆಯ ಹಾಡು 'ಹೈಲ್ಯಾಂಡ್ಸ್' ಹದಿನಾರೂವರೆ ನಿಮಿಷದ್ದು. ಅದನ್ನು ಕೇಳಿ ಸುಸ್ತಾದ ಮ್ಯಾನೇಜರ್, ಇದರ ಚಿಕ್ಕ ಆವೃತ್ತಿ ಇಲ್ಲವೇ ಎಂದರಂತೆ. ಇದೇ ಚಿಕ್ಕದು ಎಂದು ಉತ್ತರ ಬಂತಂತೆ! ರೇಡಿಯೋದಲ್ಲಿ ಮೂರು ನಿಮಿಷಕ್ಕೊಮ್ಮೆ ಜಾಹೀರಾತು ಹಾಕಬೇಕಾದ ನಮ್ಮಂಥವರಿಗೆ ಆ ಮ್ಯಾನೇಜರ್ ಮೇಲೆ ಮರುಕ ಹುಟ್ಟುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಿ. ಸಾವಿನ ನೆರಳಿನ ಆ ಹಾಡುಗಳೆಲ್ಲ ಟೇಪಿಗಿಳಿದದ್ದು ಜನವರಿಯಲ್ಲಿ. ಆಗ ಡಿಲನ್ ಗಟ್ಟಿಮುಟ್ಟಾಗಿಯೇ ಇದ್ದರು. ಫೆಬ್ರುವರಿಯಲ್ಲಿ ಜಪಾನ್ ಸುತ್ತಿದರು. ಏಪ್ರಿಲ್ ಹೊತ್ತಿಗೆ ಕೆನಡಾ, ಅಮೆರಿಕ.

ಮೇ ಕೊನೆಯ ವಾರ, 56 ತುಂಬಿದ ಆಸುಪಾಸಿನಲ್ಲೇ, ಎದೆನೋವೆಂದು ಆಸ್ಪತ್ರೆ ಸೇರಿದರು. ಹಿಸ್ಟೋಪ್ಲಾಸ್ಮೋಸಿಸ್ ಎಂಬ ಸೋಂಕು. ಹಕ್ಕಿ ಮತ್ತು ಬಾವಲಿಗಳ ಹಿಕ್ಕೆ ಬಿದ್ದ ಮಣ್ಣಿನಲ್ಲಿ ಬೆಳೆಯುವ ಒಂದು ಬೂಷ್ಟು ಇದಕ್ಕೆ ಕಾರಣ. ಓಹಾಯೋ ಮತ್ತು ಮಿಸಿಸಿಪ್ಪಿ ನದಿ ಕಣಿವೆಗಳಲ್ಲಿ ಇದು ಹೆಚ್ಚು. ಧೂಳಿನ ಜೊತೆ ಉಸಿರಿನಲ್ಲಿ ಒಳಗೆ ಹೋಗುತ್ತದೆ. ಬಹಳ ಜನರಿಗೆ ಏನೂ ಆಗುವುದಿಲ್ಲ. ಡಿಲನ್‌ಗೆ ಮಾತ್ರ ಹೃದಯದ ಸುತ್ತಲಿನ ಪೊರೆಯೇ ಊದಿಕೊಂಡಿತ್ತು. ಯೂರೋಪ್ ಪ್ರವಾಸ ರದ್ದಾಯಿತು. ಪತ್ರಿಕೆಗಳು ಶ್ರದ್ಧಾಂಜಲಿ ಲೇಖನಗಳ ಫೈಲು ಹುಡುಕಿರಲೂಬಹುದು (ನಾವೂ ಆ ಕೆಲಸ ಮಾಡಿದವರೇ, ಬಿಡಿ). ಜೂನ್ ಮೊದಲಲ್ಲಿ ಮನೆಗೆ ಬಂದ ಡಿಲನ್, ಇನ್ನೇನು ಎಲ್ವಿಸ್‌ನನ್ನು ನೋಡಿಯೇಬಿಡುತ್ತೇನೆ ಅಂದುಕೊಂಡಿದ್ದೆ ಎಂದು ಪತ್ರಿಕೆಗಳಿಗೆ ಹೇಳಿಕೆ ಕೊಟ್ಟರು.

ಆಗಸ್ಟ್‌ನಲ್ಲಿ ಮತ್ತೆ ವೇದಿಕೆ. ಇನ್ನೊಂದಿಷ್ಟು ದಿನ ವಿಶ್ರಾಂತಿ ತೆಗೆದುಕೊಳ್ಳಬಾರದಿತ್ತೇ ಅನ್ನಿಸುತ್ತದೆ. ಆದರೆ ಈ ಮನುಷ್ಯನಿಗೆ ಊರೂರು ಸುತ್ತುವುದೇ ಪಥ್ಯವೇನೋ.

ಸೆಪ್ಟೆಂಬರ್ 27, ಇಟಲಿಯ ಬೊಲೋನ್ಯ. ಕ್ಯಾಥೊಲಿಕರ ದೊಡ್ಡ ಸಮಾವೇಶ, ಲಕ್ಷಗಟ್ಟಲೆ ಯುವಜನ, ವೇದಿಕೆಯ ಮೇಲೆ ಪೋಪ್ ಎರಡನೆಯ ಜಾನ್ ಪಾಲ್. ಡಿಲನ್ ಹಾಡಿ, ಟೋಪಿ ತೆಗೆದು, ಮೆಟ್ಟಿಲು ಹತ್ತಿ ಹೋಗಿ ಕೈಕುಲುಕಿದರು. ಹಾಡಿದ್ದರಲ್ಲಿ 'ನಾಕಿನ್ ಆನ್ ಹೆವನ್ಸ್ ಡೋರ್' ಕೂಡ ಇತ್ತು. ಎದೆಯ ಕಾಯಿಲೆಯಿಂದ ಎದ್ದು ಬಂದು ನಾಲ್ಕು ತಿಂಗಳಾಗಿತ್ತು, ಅಷ್ಟೇ! ಪೋಪ್ ತಮ್ಮ ಮಾತಿನಲ್ಲಿ 'ಬ್ಲೋಯಿನ್ ಇನ್ ದ ವಿಂಡ್' ಹಾಡನ್ನೇ ಎತ್ತಿಕೊಂಡು ವ್ಯಾಖ್ಯಾನ ಮಾಡಿದರು. ಆಗ ಕಾರ್ಡಿನಲ್ ಆಗಿದ್ದು, ಮುಂದೆ ಪೋಪ್ ಆದ ಬೆನೆಡಿಕ್ಟ್, ಇಂಥವರನ್ನು ಕರೆಸಿದ್ದು ಸರಿಯೇ ಎಂಬ ಅನುಮಾನ ತಮಗಿತ್ತೆಂದು 2007ರಲ್ಲಿ ಬರೆದರು.

ಅದೇ ದಿನಗಳಲ್ಲಿ ಸಂದರ್ಶನಗಳು. ನ್ಯೂಯಾರ್ಕ್ ಟೈಮ್ಸ್‌ನ ಜಾನ್ ಪರೇಲಿಸ್ ಮಾತಾಡಿಸಿದರು. ನ್ಯೂಸ್‌ವೀಕ್‌ನ ಡೇವಿಡ್ ಗೇಟ್ಸ್ ಮಾತಾಡಿಸಿದ್ದು ಅಕ್ಟೋಬರ್ 6ರ ಸಂಚಿಕೆಯ ಮುಖಪುಟಕ್ಕೇ ಬಂತು. ಅಲ್ಲಿ ಡಿಲನ್ ಹೇಳಿದ ಒಂದು ಮಾತಿನ ಸಾರ ನನಗೆ ಬಹಳ ದೊಡ್ಡದೆನಿಸುತ್ತದೆ. ತನ್ನ ಧರ್ಮ, ತನ್ನ ತತ್ವ ಎಲ್ಲ ಇರುವುದು ಹಳೆಯ ಹಾಡುಗಳಲ್ಲೇ, ಬೇರೆಲ್ಲೂ ಅದು ತನಗೆ ಸಿಗಲಿಲ್ಲ ಎಂದರು. ಪೋಪ್ ಮುಂದೆ ಹಾಡಿದವರ ಬಾಯಲ್ಲಿ ಈ ಮಾತು! ನನ್ನ ತಕರಾರಿಗೆ ಉತ್ತರವೂ ಅಲ್ಲೇ ಇದೆ. ಸಾವಿನ ಬಗ್ಗೆ ಹಾಡಲು ಅವರಿಗೆ ಆಸ್ಪತ್ರೆಯ ಮಂಚ ಬೇಕಿರಲಿಲ್ಲ. ಆ ಹಳೆಯ ಹಾಡುಗಳಲ್ಲಿ ಸಾವು ಮನೆಯ ನೆಂಟನ ಹಾಗೆ ಬಂದು ಹೋಗುತ್ತಲೇ ಇರುತ್ತದೆ. ಏಳು ವರ್ಷ ಅವುಗಳ ಜೊತೆಗೇ ಬದುಕಿ, ರಾತ್ರಿಯೆಲ್ಲ ಹಾಡಿ ಕಂಠ ಸವೆಸಿಕೊಂಡವರಿಗೆ 'ನಾಟ್ ಡಾರ್ಕ್ ಯೆಟ್'ನಂಥ ಹಾಡು ಒಲಿಯಿತು.

ಆಲ್ಬಂ ಬಿಡುಗಡೆಯಾದದ್ದು ಸೆಪ್ಟೆಂಬರ್ 30. ಹನ್ನೊಂದು ಹಾಡು. ಕೊಂಡವರಿಗೆ ಕಂಡ ಕ್ರಮ ಇದು: ಮೇನಲ್ಲಿ ಕಾಯಿಲೆ, ಸೆಪ್ಟೆಂಬರ್‌ನಲ್ಲಿ ಹಾಡು. ತಪ್ಪು ತಿಳಿಯಲು ಇನ್ನೇನು ಬೇಕು? ಅಮೆರಿಕದ ಪಟ್ಟಿಯಲ್ಲಿ ಅದು ಹತ್ತನೇ ಸ್ಥಾನದವರೆಗೂ ಹೋಯಿತು. ಡಿಸೆಂಬರ್‌ನಲ್ಲಿ ವಾಷಿಂಗ್ಟನ್ನಿನ ಕೆನಡಿ ಸೆಂಟರ್ ಗೌರವ, ಎದುರಿಗೆ ಅಧ್ಯಕ್ಷ ಕ್ಲಿಂಟನ್, ವೇದಿಕೆಯಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಹಾಡು. ಇನ್ನೊಂದು ಶಾಲು ಅನ್ನಿ. ಆದರೆ ಈ ಸಲ ಶಾಲು ಹೊದ್ದವರು ಕೂತುಕೊಳ್ಳಲಿಲ್ಲ.

1998ರ ಫೆಬ್ರುವರಿಯಲ್ಲಿ ವರ್ಷದ ಆಲ್ಬಂ ಗ್ರ್ಯಾಮಿ ಇದಕ್ಕೇ ಬಂತು. ಈ ಪ್ರಶಸ್ತಿಯಲ್ಲಿ ಡಿಲನ್‌ಗೆ ಹಿಂದೆ ಒಮ್ಮೆ ಪಾಲಿತ್ತು. 1971ರ ಬಾಂಗ್ಲಾದೇಶ ಸಹಾಯಾರ್ಥ ಕಛೇರಿಯ ಆಲ್ಬಮ್ಮಿಗೆ ಜಾರ್ಜ್ ಹ್ಯಾರಿಸನ್, ನಮ್ಮ ಪಂಡಿತ್ ರವಿಶಂಕರ್ ಮೊದಲಾದವರೊಂದಿಗೆ ಹಂಚಿಕೊಂಡದ್ದು ಅದು. ಸ್ವಂತ ಆಲ್ಬಮ್ಮಿಗೆ ಇದೇ ಮೊದಲು. ಅದೇ ರಾತ್ರಿ ಮಗ ಜೇಕಬ್‌ನ ವಾಲ್‌ಫ್ಲವರ್ಸ್ ತಂಡಕ್ಕೂ ಗ್ರ್ಯಾಮಿ. ಅಪ್ಪ ಹಾಡುತ್ತಿದ್ದಾಗ ಹಿಂದೆ ನಿಂತಿದ್ದ ನರ್ತಕನೊಬ್ಬ ಅಂಗಿ ಕಿತ್ತು, ಎದೆಯ ಮೇಲೆ ಏನೇನೋ ಬರೆದುಕೊಂಡು ಕುಣಿಯತೊಡಗಿದ. ಡಿಲನ್ ಒಂದು ಸಲ ಓರೆಗಣ್ಣಿನಿಂದ ನೋಡಿ ಹಾಡು ಮುಂದುವರಿಸಿದರು. ಪ್ರಶಸ್ತಿ ಪಡೆದು ಮಾತಾಡುವಾಗ, ಹುಡುಗನಾಗಿದ್ದಾಗ ಡುಲೂತ್‌ನಲ್ಲಿ ಬಡಿ ಹಾಲಿಯ ಕಾರ್ಯಕ್ರಮ ನೋಡಿದ್ದನ್ನು ನೆನೆದರು. ಅದು ನಡೆದದ್ದು 1959ರ ಜನವರಿ 31ರಂದು. ಮೂರೇ ದಿನಕ್ಕೆ ಬಡಿ ಹಾಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ. ಡಿಲನ್‌ಗಾಗ ಹದಿನೇಳು ವರ್ಷ.

ಲನ್ವಾ ಜೊತೆಗಿನ ಜಗಳದ ಫಲವೂ ಕಾಣಿಸಿತು. 2001ರ ಮುಂದಿನ ಆಲ್ಬಮ್ಮನ್ನು ಡಿಲನ್ 'ಜ್ಯಾಕ್ ಫ್ರಾಸ್ಟ್' ಎಂಬ ಸುಳ್ಳು ಹೆಸರಿನಲ್ಲಿ ತಾವೇ ನಿರ್ಮಿಸಿದರು. ಮಯಾಮಿಯಲ್ಲಿ ಕೈಬಿಟ್ಟಿದ್ದ 'ಮಿಸಿಸಿಪ್ಪಿ' ಹಾಡು ಅದರಲ್ಲಿ ಹೊಸದಾಗಿ ಬಂತು. 2023ರ ಜನವರಿಯಲ್ಲಿ ಆ ದಿನಗಳ ಧ್ವನಿಮುದ್ರಣಗಳೆಲ್ಲ 'ಫ್ರಾಗ್ಮೆಂಟ್ಸ್' ಎಂಬ ಸಂಪುಟವಾಗಿ ಹೊರಬಂದವು. ಜೊತೆಗೆ ಇಡೀ ಆಲ್ಬಮ್ಮಿನ ಹೊಸ ಮಿಕ್ಸ್. ಅದರಲ್ಲಿ ಲನ್ವಾ ಕವಿಸಿದ್ದ ಮಂಜನ್ನು ಸರಿಸಿದ್ದಾರೆ, ದನಿ ಕಿವಿಯ ಪಕ್ಕಕ್ಕೇ ಬಂದಿದೆ. ಬಿಡುವಾದಾಗ 'ನಾಟ್ ಡಾರ್ಕ್ ಯೆಟ್' ಹಾಡನ್ನು ಎರಡೂ ರೂಪದಲ್ಲಿ ಒಂದರ ಹಿಂದೊಂದು ಕೇಳಿ. ರಾತ್ರಿ ಟ್ರಾಫಿಕ್ಕಿನ ಸದ್ದು ಅಡಗಿದ ಮೇಲೆ ಕೇಳಿದರೆ ಇನ್ನೂ ಒಳ್ಳೆಯದು. ಯಾವುದು ಹಿಡಿಸಿತು ಅಂತ ನಮಗೂ ಬರೆಯಿರಿ. ನಾನಂತೂ ಮಂಜಿನ ಪಕ್ಷ.